ಕಡಲೆಕಾಯಿ ಎಣ್ಣೆಯ ಬೆಳದಿಂಗಳು

ಈಗಲೂ ಯಾರಾದರೂ ಮನೆಗೆ ಕರೆದು, ಗೋಡೆಯ ಮೇಲಿನ ಚಿತ್ರ ತೋರಿಸಿ, ‘ಇದು ನಮ್ಮ ಹುಡುಗಿ ಬರೆದದ್ದು’ ಅಂದರೆ ನನ್ನ ಕಿವಿ ಬಿಸಿಯಾಗುತ್ತದೆ. ಚಿತ್ರ ನೋಡಲಾಗುವುದಿಲ್ಲ. ‘ಚೆನ್ನಾಗಿದೆ, ಚೆನ್ನಾಗಿದೆ’ ಅಂದು ನೆಲ ನೋಡುತ್ತೇನೆ. ಹೆಂಡತಿ ದಾರಿಯಲ್ಲಿ ಬೈಯುತ್ತಾಳೆ, ಪಾಪ ಆ ಮಗುವಿನ ಮುಖ ಎಷ್ಟು ಚಿಕ್ಕದಾಯಿತು ನೋಡಿದಿರಾ ಅಂತ. ಅವಳಿಗೆ ನಾನು ಈ ಕಥೆಯನ್ನು ಪೂರ್ತಿ ಹೇಳಿಲ್ಲ. ಹೇಳಿದರೆ ಬೈಯುವುದಿಲ್ಲ, ನಗುತ್ತಾಳೆ. ಬೈಗುಳವೇ ವಾಸಿ ಎಂದು ಸುಮ್ಮನಿದ್ದೇನೆ.

ನಮ್ಮದು ಮಧುಗಿರಿ. ಅಪ್ಪನಿಗೆ ಪೇಟೆಬೀದಿಯಲ್ಲಿ ಎಣ್ಣೆ ಅಂಗಡಿ. ಕಡಲೆಕಾಯಿ ಎಣ್ಣೆ, ಹೊಂಗೆ ಎಣ್ಣೆ, ಹರಳೆಣ್ಣೆ, ಜೊತೆಗೆ ದನಕ್ಕೆ ಹಾಕುವ ಹಿಂಡಿ. ನಮ್ಮ ಮನೆಯ ಬಾಗಿಲಿಗೂ ಜಿಡ್ಡು, ನನ್ನ ಪಠ್ಯಪುಸ್ತಕಕ್ಕೂ ಜಿಡ್ಡು. ಸ್ಕೂಲಿನಲ್ಲಿ ಪಕ್ಕ ಕೂರುವವನು, ‘ಲೇ, ನಿನ್ನ ಅಂಗಿ ಹಿಂಡಿದ್ರೆ ಒಂದು ಒಗ್ಗರಣೆಗಾಯ್ತದೆ ಕಣ್ಲಾ’ ಅನ್ನುತ್ತಿದ್ದ. ಅಮ್ಮ ನಾನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದಳು. ಅಕ್ಕ ಇನ್ನೂ ಲಂಗ ಉಡುವ ವಯಸ್ಸಿನವಳು. ಅವಳನ್ನು ಒಲೆಯ ಮುಂದೆ ಕೂರಿಸಿದರು, ಅವಳು ಅಲ್ಲಿಂದ ಏಳಲೇ ಇಲ್ಲ. ನೀರು ಸೇದುವುದು, ರಾಗಿ ಬೀಸುವುದು, ಅಪ್ಪ ಊಟಕ್ಕೆ ಬಂದಾಗ ಅಂಗಡಿಯಲ್ಲಿ ಕೂತು ಎಣ್ಣೆ ಅಳೆಯುವುದು, ನನ್ನ ತಲೆಯ ಹೇನು ತೆಗೆಯುವುದು, ಎಲ್ಲ ಅವಳೇ. ಓರಗೆಯ ಹುಡುಗಿಯರು ಕಸೂತಿ, ಮಣಿಯ ಗಿಳಿ, ಉಲ್ಲನ್ನಿನ ಬಾತುಕೋಳಿ ಎಂದು ಕಲಿಯುತ್ತಿದ್ದಾಗ ಅಕ್ಕ ಸೂಜಿ ಹಿಡಿದದ್ದು ನನ್ನ ಚಡ್ಡಿಗೆ ಗುಂಡಿ ಹಾಕುವುದಕ್ಕೆ ಮಾತ್ರ.

ಅರವತ್ತರ ದಶಕ ಆಗತಾನೇ ಶುರುವಾಗಿತ್ತು. ನಾನು ಹೈಸ್ಕೂಲಿನ ಕೊನೆಯಲ್ಲಿದ್ದೆ. ಬೆಟ್ಟದ ಕೆಳಗಿನ ಬಯಲಿನಲ್ಲಿ ಟೂರಿಂಗ್ ಟಾಕೀಸಿನವರು ಡೇರೆ ಹಾಕಿದರು. ಅಲ್ಲಿ ಬಂದ ಒಂದು ಸಿನಿಮಾ ನನ್ನ ತಲೆ ಕೆಡಿಸಿಬಿಟ್ಟಿತು. ಡೇರೆ ಕೊರಟಗೆರೆಗೆ ಹೋದಾಗ, ಅಲ್ಲಿದ್ದ ಸೋದರತ್ತೆಯನ್ನು ನೋಡಿಕೊಂಡು ಬರುತ್ತೇನೆಂದು ಸುಳ್ಳು ಹೇಳಿ ಅಲ್ಲಿಯೂ ನೋಡಿದೆ. ಅದರಲ್ಲಿ ಒಂದು ದೃಶ್ಯವಿತ್ತು. ಬೆಳದಿಂಗಳು, ದೊಡ್ಡ ಕೆರೆ, ದೋಣಿ. ನಾಯಕ ಹುಟ್ಟು ಹಾಕುತ್ತಾನೆ, ನಾಯಕಿ ಅವನ ಭುಜಕ್ಕೆ ತಲೆಯಿಟ್ಟು ಹಾಡುತ್ತಾಳೆ. ಅಷ್ಟೇ. ನಮ್ಮ ಸೀಮೆಯಲ್ಲಿ ಮಳೆ ಬಂದರೆ ಕೆರೆ, ಬಾರದಿದ್ದರೆ ಅದೇ ಬಯಲು. ನಾನು ಹುಟ್ಟಿದಾರಭ್ಯ ದೋಣಿ ಕಂಡವನಲ್ಲ. ಆ ನೀರು ನೋಡಿಯೇ ನನಗೆ ಹುಚ್ಚು ಹಿಡಿದಿರಬೇಕು.

ಅಕ್ಕನಿಗೂ ಸಿನಿಮಾ ನೋಡುವ ಆಸೆ. ಅಪ್ಪ ಬಿಡಲಿಲ್ಲ. ‘ವಯಸ್ಸಿಗೆ ಬಂದ ಹುಡ್ಗಿ ಡೇರೇಲಿ ನೆಲದ ಮ್ಯಾಲೆ ಕೂತ್ಕಂಡು ಸಿನಿಮಾ ನೋಡಾದಾ? ನೆಟ್ಟಗೈತಾ ತಲೆ?’ ಎಂದು ಒಂದೇ ಮಾತಿನಲ್ಲಿ ಮುಗಿಸಿದ. ಹಾಗಾಗಿ ಅಕ್ಕ ಹಿಟ್ಟು ರುಬ್ಬುವಾಗ ನಾನು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಕಥೆ ಹೇಳುತ್ತಿದ್ದೆ. ಅವಳು ಒರಳಿನಿಂದ ಕೈ ತೆಗೆಯದೆ ಕೇಳುವಳು.

‘ಅವಳ ಸೀರೆ ಯಾವ ಬಣ್ಣದ್ಲಾ?’

ನಾನು ತಬ್ಬಿಬ್ಬಾದೆ. ಸಿನಿಮಾ ಕಪ್ಪು ಬಿಳುಪಿನದು. ‘ಕರೀದು ಇದ್ದಂಗಿತ್ತು’ ಅಂದೆ.

‘ಥೂ! ಮದುವೆಯಾಗೋ ಹುಡ್ಗಿ ಕರೀ ಸೀರೆ ಉಟ್ಕಂಡು ಬೆಳ್ದಿಂಗಳಾಗೆ ಕೂತಾಳೇನ್ಲಾ? ನೀನು ನೆಟ್ಟಗೆ ನೋಡೇ ಇಲ್ಲ ಬುಡು.’

ಈ ಮಾತು ನನಗೆ ಚುಚ್ಚಿತು. ನಾನು ನೆಟ್ಟಗೆ ನೋಡಿಲ್ಲವೇ? ಬರೆದೇ ತೋರಿಸುತ್ತೇನೆ, ಬಣ್ಣದಲ್ಲೇ ತೋರಿಸುತ್ತೇನೆ ಎಂದು ಎದೆ ತಟ್ಟಿಕೊಂಡೆ. ಡೇರೆಯ ಬಾಗಿಲಿಗೆ ಬೋರ್ಡು ಬರೆಯುವವನನ್ನು ಒಮ್ಮೆ ಕೇಳಿದ್ದೆ, ಆಯಿಲ್ ಪೇಂಟಿಂಗ್ ಅಂದರೇನು ಅಂತ. ‘ಬಣ್ಣದ ಪುಡಿ, ಎಣ್ಣೆ, ಅಷ್ಟೇಯ’ ಅಂದಿದ್ದ. ಎಣ್ಣೆಯೋ, ನಮ್ಮ ಮನೆಯಲ್ಲಿ ಕೊಳೆಯುವಷ್ಟಿದೆ. ಇನ್ನೇನು ಬೇಕು?

ಬಣ್ಣದ ಪುಡಿಗೆ ಸಿರಾಕ್ಕೆ ಹೋದೆ. ಖಾಲಿ ಡಬ್ಬ ತರಲು ಅಪ್ಪನೇ ಅಲ್ಲಿಗೆ ಕಳಿಸಿದ್ದ, ಅದೇ ನೆಪ. ಪೇಟೆಯಲ್ಲಿ ಒಬ್ಬ ಸಾಬರು ಗಾಡಿಗೆ, ಬಾಗಿಲಿಗೆ, ಮೊಹರಮ್ಮಿನ ತಾಬೂತಿಗೆ ಬಳಿಯುವ ಬಣ್ಣಗಳನ್ನು ಮಾರುತ್ತಿದ್ದರು. ನನಗೆ ಬೇಕಾದ ಬಿಳಿ, ನೀಲಿ, ಹುರಮಂಜಿ, ಹಸಿರು ಎಲ್ಲ ಪೊಟ್ಟಣ ಕಟ್ಟಿಕೊಟ್ಟು, ‘ಅಲ್ಸೀ ಕಾ ತೇಲ್ ಬೇಡ್ವಾ ಬೇಟಾ? ಅಗಸೆ ಎಣ್ಣೆ?’ ಎಂದು ಕೇಳಿದರು.

‘ಸಾಬ್ರೇ, ನಮ್ದೇ ಎಣ್ಣೆ ಅಂಗಡಿ ಐತೆ. ಎಣ್ಣೆ ಮಾರೋರಿಗೇ ಎಣ್ಣೆ ಮಾರ್ತೀರಾ?’ ಎಂದೆ. ಏನು ಜಂಬ!

‘ಅಚ್ಛಾ, ಹಂಗಾದ್ರೆ ನಿಮ್ಮ ಖುಷಿ’ ಎಂದು ಅವರು ಮುಂದಿನ ಗಿರಾಕಿಯ ಕಡೆ ತಿರುಗಿದರು.

ಹಿತ್ತಲ ಕೊಟ್ಟಿಗೆಯ ಮೂಲೆಯಲ್ಲಿ ಕೆಲಸ ಶುರುವಾಯಿತು. ಮೈದಾ ಚೀಲವನ್ನು ಒಗೆದು, ಹಳೇ ಕಿಟಕಿಯ ಚೌಕಟ್ಟಿಗೆ ಬಿಗಿದು, ಗಂಜಿ ಬಳಿದು ಒಣಗಿಸಿದೆ. ಚೀಲದ ಮೇಲೆ ಮಿಲ್ಲಿನವರ ದುಂಡನೆಯ ಮುದ್ರೆಯಿತ್ತು, ಎಷ್ಟು ಉಜ್ಜಿದರೂ ಹೋಗಲಿಲ್ಲ. ಇರಲಿ ಎಂದು ಅದರ ಮೇಲೆಯೇ ಚಂದ್ರನನ್ನು ಬರೆದೆ. ಕುಂಚಕ್ಕೆ ಅಪ್ಪನ ಹಳೆಯ ಶೇವಿಂಗ್ ಬ್ರಶ್ಶು, ಸಣ್ಣ ಕೆಲಸಕ್ಕೆ ಜಜ್ಜಿದ ಈಚಲ ಕಡ್ಡಿ. ದೋಣಿ ಹೇಗಿರುತ್ತದೆಂದು ಗೊತ್ತಿಲ್ಲದ್ದರಿಂದ ಎದುರಿಗಿದ್ದ ಕಲಗಚ್ಚಿನ ಕಲ್ಲುಬಾನಿಯನ್ನು ನೋಡಿಕೊಂಡು ಬರೆದೆ. ನಮ್ಮ ಎಮ್ಮೆ ಬಂದು ಮೂತಿಯಿಡುವುದೊಂದು ಬಾಕಿ.

ತೊಂದರೆ ಬಂದದ್ದು ಮುಖಗಳಿಗೆ. ಡೇರೆ ಕೊರಟಗೆರೆಯಿಂದಲೂ ಎದ್ದು ಹೋಗಿತ್ತು. ಕಣ್ಣು ಮುಚ್ಚಿದರೆ ಬೆಳದಿಂಗಳು ಬರುತ್ತಿತ್ತು, ನಾಯಕಿಯ ಮೂಗು ಬರುತ್ತಿರಲಿಲ್ಲ. ಕೊನೆಗೆ ಅಕ್ಕನನ್ನು ಕರೆದೆ.

‘ನಾನಾ? ಹೋಗ್ಲಾ, ನಂಗೇನು ಬೇರೆ ಕೆಲ್ಸ ಇಲ್ವಾ?’ ಅಂದಳು. ಆದರೆ ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು, ಮುಖಕ್ಕೆ ನೀರು ಹಾಕಿಕೊಂಡು, ಕುಂಕುಮ ಇಟ್ಟುಕೊಂಡು ಬಂದಳು. ಹಿಂಡಿಯ ಮೂಟೆಗೆ ತಲೆಯಾನಿಸಿ ಕೂತಳು. ಆ ವಾರ ದಿನಾ ಬಂದು ಕೂರುತ್ತಿದ್ದಳು. ಅಕ್ಕ ಹಗಲುಹೊತ್ತಿನಲ್ಲಿ ಸುಮ್ಮನೆ ಕೂತದ್ದನ್ನು ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. ಒಂದು ದಿನ ಹಾಗೆಯೇ ನಿದ್ದೆ ಹೋದಳು. ನನಗೆ ಅಳು ಬಂದಂತಾಯಿತು, ಯಾಕೆಂದು ಗೊತ್ತಾಗಲಿಲ್ಲ. ಎಬ್ಬಿಸದೆ ಬರೆದೆ. ಅಮ್ಮನ ಮದುವೆಯ ಹಸಿರು ರೇಷ್ಮೆ ಸೀರೆಯೊಂದು ಪೆಟ್ಟಿಗೆಯಲ್ಲಿತ್ತು, ನಾಯಕಿಗೆ ಅದನ್ನೇ ಉಡಿಸಿದೆ.

ನಾಯಕನ ಮುಖಕ್ಕೆ ಯಾರು? ಅಷ್ಟು ಹೊತ್ತು ನನ್ನೆದುರು ನಿಲ್ಲುವ ಗಂಡಸು ಯಾರಿದ್ದಾರೆ? ಅಪ್ಪನ ಕ್ಷೌರದ ಕನ್ನಡಿ ತಂದು ಗೂಟಕ್ಕೆ ನೇತುಹಾಕಿದೆ. ಅದರಲ್ಲಿ ಕಂಡ ಮುಖವನ್ನು ಬರೆದು, ಸಿನಿಮಾದವನಿಗಿದ್ದ ಹಾಗೆ ಗೆರೆ ಮೀಸೆ ಎಳೆದೆ. ಮೀಸೆ ಬಿದ್ದ ಕೂಡಲೇ ಅದು ನಾನಲ್ಲ, ನಾಯಕನೇ ಆಗಿಹೋದ ಎಂದು ನಂಬಿದೆ. ನೀವು ನಂಬಿ, ಬಿಡಿ, ಅದಕ್ಕಿಂತ ಹೆಚ್ಚಿನ ಯೋಚನೆ ನನ್ನ ತಲೆಗೆ ಹೊಳೆಯಲಿಲ್ಲ. ನನಗೆ ಅದು ಸಿನಿಮಾದ ದೃಶ್ಯ. ಒಂದು ಮುಖ ಬೇಕಿತ್ತು, ಹತ್ತಿರದಲ್ಲಿದ್ದದ್ದನ್ನು ತೆಗೆದುಕೊಂಡೆ, ಬಾನಿಯನ್ನು ದೋಣಿ ಮಾಡಿದ ಹಾಗೆ. ಮುಗಿದ ಮೇಲೆ ಅಕ್ಕನಿಗೆ ತೋರಿಸಿದೆ.

ಅವಳು ಬಹಳ ಹೊತ್ತು ನೋಡಿದಳು. ‘ನಾನು ಇಷ್ಟು ಚೆಂದಾಗಿದ್ದೀನೇನ್ಲಾ?’ ಅಂದಳು. ಆಮೇಲೆ ತಲೆ ಓರೆ ಮಾಡಿ, ‘ಇವ್ನ ಮೂಗು ಎಲ್ಲೋ ನೋಡ್ದಂಗೈತಲ್ಲೋ’ ಅಂದಳು.

‘ಸಿನಿಮಾದವನು ಕಣಕ್ಕಾ, ದೊಡ್ಡ ಸ್ಟಾರು’ ಅಂದೆ. ಅವಳು ನಕ್ಕು ಒಳಗೆ ಹೋದಳು.

ಚಿತ್ರ ಒಣಗಲಿಲ್ಲ. ಇವತ್ತಲ್ಲ ನಾಳೆ ಒಣಗುತ್ತದೆ ಎಂದು ಕಾದೆ. ಬಿಸಿಲಿಗಿಟ್ಟೆ, ಒಲೆಯ ಹತ್ತಿರ ಇಟ್ಟೆ. ಬೆರಳಿಟ್ಟರೆ ಬೆರಳಿಗೆ ಬೆಳದಿಂಗಳು ಅಂಟಿಕೊಂಡು ಬರುತ್ತಿತ್ತು. ಅಗಸೆ ಎಣ್ಣೆ ಒಣಗುತ್ತದೆ, ಕಡಲೆಕಾಯಿ ಎಣ್ಣೆ ಒಣಗುವುದಿಲ್ಲ ಎಂಬುದು ಎಣ್ಣೆ ಅಂಗಡಿಯ ಮಗನಿಗೆ ಗೊತ್ತಿರಲಿಲ್ಲ ನೋಡಿ! ಇರುವೆ ಸಾಲು ಹಿಡಿದು ಬಂದು ನಾಯಕಿಯ ಸೆರಗಿನ ಮೇಲೆ ಓಡಾಡತೊಡಗಿದವು. ಅಕ್ಕ, ‘ಒಣಗದಿದ್ರೆ ಏನಾಯ್ತೀಗ, ಸಾಸಿವೆ ಹಾಕಿ ಒಗ್ಗರಣೆ ಕೊಟ್ಟುಬುಡಾನ’ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳೇ ಅದನ್ನು ಅಟ್ಟದ ಮೇಲೆ ಎತ್ತಿಟ್ಟು, ಇರುವೆ ಬಾರದ ಹಾಗೆ ಸುತ್ತ ಅರಿಸಿನ ಉದುರಿಸಿದಳು.

ಅಷ್ಟರಲ್ಲಿ ಪಾವಗಡದಿಂದ ಅಕ್ಕನಿಗೆ ಒಂದು ಸಂಬಂಧ ಬಂತು. ಹುಡುಗನಿಗೆ ಸ್ಕೂಲ್ ಮೇಷ್ಟರ ಕೆಲಸ. ಅಕ್ಕನಿಗೆ ಆಗಲೇ ವಯಸ್ಸು ಮೀರಿತ್ತು, ತಾಯಿಯಿಲ್ಲದ ಮನೆ, ಅದುವರೆಗೆ ಬಂದವರೆಲ್ಲ ಹೋಗಿ ಹೇಳಿಕಳಿಸುತ್ತೇವೆ ಅಂದವರೇ. ಇದು ತಪ್ಪಿದರೆ ಇನ್ನು ಎರಡನೇ ಸಂಬಂಧದವರೇ ಗತಿ ಎಂದು ಅಪ್ಪ ರಾತ್ರಿ ಊಟ ಬಿಟ್ಟು ಕೂತಿದ್ದ. ಅಕ್ಕನಿಗೂ ಆಸೆ ಹುಟ್ಟಿತ್ತು. ಬಾಯಿಬಿಟ್ಟು ಹೇಳಲಿಲ್ಲ. ಆದರೆ ಬಾವಿಕಟ್ಟೆಯಲ್ಲಿ ಪಕ್ಕದ ಮನೆಯವರನ್ನು ‘ಪಾವಗಡದಾಗೆ ತೆಲುಗು ಬರದಿದ್ರೆ ಕಷ್ಟಾನಾ?’ ಎಂದು ಕೇಳುತ್ತಿದ್ದಳು.

ಕೊರಟಗೆರೆಯಿಂದ ಅತ್ತೆ ಬಂದಿಳಿದಳು. ಅಪ್ಪನ ಅಕ್ಕ, ಬಾಯಿ ದೊಡ್ಡದು, ಕಣ್ಣಿಗೆ ಪೊರೆ ಬಂದಿತ್ತು. ಹೆಣ್ಣು ನೋಡಲು ಬಂದವರು ಕೂರುವ ನಡುಮನೆಯ ಗೋಡೆಗೆ ಹುಡುಗಿಯ ಕೈಕೆಲಸವನ್ನೆಲ್ಲ ತೂಗುಹಾಕುವುದು ಆಗಿನ ಕಾಲದ ಪದ್ಧತಿ. ಮಣಿಯ ಗಿಳಿ, ಗಾಜಿನ ಕಟ್ಟಿನೊಳಗೆ ಕಸೂತಿಯ ‘ಸುಸ್ವಾಗತ’, ಬಾಗಿಲಿಗೆ ಮಣಿಯ ತೋರಣ. ಹುಡುಗಿ ಬಾಯಿ ಬಿಡುವ ಹಾಗಿಲ್ಲವಲ್ಲ, ಗೋಡೆಯೇ ಅವಳ ಪರವಾಗಿ ಮಾತಾಡಬೇಕು. ಅತ್ತೆ ನಮ್ಮ ನಡುಮನೆಯಲ್ಲಿ ನಿಂತು ಸುತ್ತ ನೋಡಿದಳು. ಬೋಳುಗೋಡೆ, ಎಣ್ಣೆ ಕಂಪನಿಯ ಒಂದು ಕ್ಯಾಲೆಂಡರು.

‘ಏನವ್ವಾ ಇದು, ಛತ್ರ ಇದ್ದಂಗೈತೆ! ಇಷ್ಟು ವರ್ಷ ಏನ್ಮಾಡ್ತಿದ್ದೆ ನೀನು?’

ಏನು ಮಾಡುತ್ತಿದ್ದಳು! ನನ್ನ ಮೈ ಉರಿದುಹೋಯಿತು. ಅಕ್ಕ ಮಾತ್ರ ತಲೆ ತಗ್ಗಿಸಿ ಮೊರ ಎತ್ತಿಕೊಂಡು ಹೋದಳು.

ಅತ್ತೆ ಪಕ್ಕದ ಮನೆಯಿಂದ ಮಣಿಯ ಗಿಳಿಯನ್ನು ಎರವಲು ತಂದಳು. ಸಾಲದು ಅನ್ನಿಸಿತು. ಚಾಪೆ ಇಳಿಸಲು ಅಟ್ಟ ಹತ್ತಿದ್ದ ನನ್ನನ್ನು, ‘ಅದೇನ್ಲಾ ಅಲ್ಲಿ ಹೊಳೀತಾ ಐತಲ್ಲ?’ ಎಂದು ಕೇಳಿದಳು. ಕೆಳಗಿಳಿಸಿ, ಸಿನಿಮಾದ್ದು ಎಂದು ತೋರಿಸಿದೆ. ಪೊರೆಗಣ್ಣಿಗೆ ಕಂಡದ್ದು ಚಂದ್ರ, ನೀರು, ಹಸಿರು ಸೀರೆ. ‘ಕೃಷ್ಣ ರಾಧೆ ಇದ್ದಂಗವ್ರೆ! ಇದ್ನೇ ಹಾಕ್ರೋ’ ಅಂದಳು.

‘ಅದು ಇವನು ಬರ್ದಿದ್ದಲ್ವಾ?’ ಎಂದ ಅಪ್ಪ, ಚಿತ್ರದ ಕಡೆ ತಿರುಗಿಯೂ ನೋಡದೆ. ನಾನು ಬಣ್ಣ ಹಿಡಿದದ್ದೇ ಅವನಿಗೆ ಸಿಟ್ಟು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ದಿನಾ ಅನ್ನುತ್ತಿದ್ದ.

‘ಯಾರು ಬರೆದ್ರೇನಪ್ಪಾ? ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂದವ್ರೆ. ಆ ಗಿಳಿ ಮಾಡಿದ್ದು ಇವಳೇನು?’

ಅಕ್ಕ ಅಡಿಗೆಮನೆಯ ಬಾಗಿಲಲ್ಲಿ ನಿಂತು, ‘ಬ್ಯಾಡ ಕಣತ್ತೆ, ಅದು ಅವನ್ದು’ ಎಂದಳು. ಅತ್ತೆ ಕೇಳಿಸಿಕೊಳ್ಳಲಿಲ್ಲ. ನಾನು? ನಾನು ಆಗಲೇ ಮೊಳೆ ಹುಡುಕುತ್ತಿದ್ದೆ. ಹೊರಗಿನವರು ಬಂದು ನನ್ನ ಚಿತ್ರ ನೋಡುತ್ತಾರೆ! ಯಾರ ಹೆಸರಿನಲ್ಲಾದರೆ ಏನು? ಸುತ್ತಿಗೆ ಹಿಡಿದು, ಬೆಳಕು ಚೆನ್ನಾಗಿ ಬೀಳುವ ಜಾಗ ನೋಡಿ, ಕಿಟಕಿಯ ಎದುರಿಗೆ ನಾನೇ ನೇತುಹಾಕಿದೆ. ಗೋಡೆಗೆ ಎಣ್ಣೆ ಇಳಿಯದ ಹಾಗೆ ಹಿಂದೆ ಪೇಪರು ಬೇರೆ ಇಟ್ಟೆ. ಥೂ ನನ್ನ ಬುದ್ಧಿಗಿಷ್ಟು!

ಪಾವಗಡದ ಬಸ್ಸಿಗೆ ಹುಡುಗ, ಅವನ ತಾಯಿ, ಮದುವೆಯಾಗಿದ್ದ ಅವನ ಅಕ್ಕ ಬಂದರು. ಹುಡುಗ ಚೊಕ್ಕವಾಗಿದ್ದ, ಮಾತು ಕಡಿಮೆ. ತಾಯಿ ಒಳ್ಳೆಯ ಹೆಂಗಸು, ಸುಳ್ಳು ಹೇಳಬಾರದು. ಅಮ್ಮನ ಹಸಿರು ರೇಷ್ಮೆ ಸೀರೆ ಉಟ್ಟು ಅಕ್ಕ ಬಂದು ನಮಸ್ಕರಿಸಿದಾಗ ಆಕೆ ಕೈ ಹಿಡಿದು ಪಕ್ಕದಲ್ಲೇ ಕೂರಿಸಿಕೊಂಡಳು. ‘ರಾ ಅಮ್ಮಾ, ಇಲ್ಲಿ ಕೂಕೋ. ತಾಯಿಲ್ದಿರೋ ಬಿಡ್ಡ, ಎಂತಾ ಲಕ್ಷಣ ನೋಡ್ರಿ’ ಎಂದಳು. ಉಪ್ಪಿಟ್ಟನ್ನು ಹೊಗಳಿದಳು. ಹುಡುಗ ಅಕ್ಕನನ್ನು ಒಮ್ಮೆ ನೋಡಿ, ಇನ್ನೊಮ್ಮೆಯೂ ನೋಡಿದ. ಅಪ್ಪನ ಮುಖದಲ್ಲಿ ನಾನು ಅಂಥ ನಗು ಕಂಡದ್ದು ಅದೇ ಮೊದಲು. ಆಯಿತು, ಕೂಡಿಬಂತು ಎಂದು ಎಲ್ಲರಿಗೂ ಅನ್ನಿಸಿತ್ತು.

ಅತ್ತೆ ಸುಮ್ಮನಿರಬೇಕಲ್ಲ! ‘ಗೋಡೆ ಮ್ಯಾಲಿರಾದೆಲ್ಲ ನಮ್ಮ ಹುಡ್ಗಿ ಕೈಯಾಗಿಂದೇಯ. ಆ ಚಿತ್ರ ನೋಡಿ, ಎಷ್ಟು ಸಾವ್ಧಾನವಾಗಿ ಕೂತು ಬರ್ದವ್ಳೆ’ ಅಂದಳು.

ಹುಡುಗನ ಅಕ್ಕ ಎದ್ದು ಹತ್ತಿರ ಹೋದಳು. ನಾನು ಕಾಫಿ ಲೋಟಗಳ ತಟ್ಟೆ ಹಿಡಿದು ಅಲ್ಲೇ ಕಿಟಕಿಯ ಬೆಳಕಿನಲ್ಲಿ ನಿಂತಿದ್ದೆ. ಅವಳು ಚಿತ್ರವನ್ನು ಹೊಗಳುತ್ತಾಳೆಂದು ಕಾಯುತ್ತಿದ್ದೆ.

‘ಅಮ್ಮಾಯಿ, ಇದು ನೀನೇ ಅಲ್ವಾ? ಅದೇ ಸೀರೆ, ಅದೇ ಮೊಕ!’ ಎಂದು ನಕ್ಕಳು. ನಗು ಹಾಗೆಯೇ ನಿಂತಿತು. ನಾಯಕಿಯ ತಲೆ ಒರಗಿದ್ದ ಭುಜದ ಕಡೆ ಬೆರಳು ಮಾಡಿ, ‘ಈಯಪ್ಪ ಎವುರು? ಯಾರು ಈ ಗಂಡಸು?’ ಎಂದಳು.

‘ಸಿನಿಮಾದವನಂತೆ’ ಎಂದಳು ಅತ್ತೆ, ಅವಸರದಲ್ಲಿ.

ಮದುವೆಯಾಗದ ಹುಡುಗಿ ತನ್ನನ್ನು ತಾನೇ ಯಾವನೋ ಗಂಡಸಿನ ಭುಜಕ್ಕೆ ಒರಗಿಸಿ ಬರೆದುಕೊಂಡಿದ್ದಾಳೆ ಎಂದಾಯಿತಲ್ಲ! ಅದು ಆ ಕೋಣೆಯಲ್ಲಿ ಎಲ್ಲರಿಗೂ ಒಟ್ಟಿಗೆ ಹೊಳೆಯಿತು. ಅಕ್ಕನ ಕತ್ತು ಕೆಂಪಾಯಿತು. ಹುಡುಗನ ತಾಯಿ ಕನ್ನಡಕ ತೆಗೆದು ಹಾಕಿಕೊಂಡು ಎದ್ದು ಬಂದಳು. ಚಿತ್ರ ನೋಡಿದಳು. ಕಾಫಿ ತೆಗೆದುಕೊಳ್ಳಲು ನನ್ನ ಕಡೆ ತಿರುಗಿದವಳು ನನ್ನ ಮುಖ ನೋಡಿದಳು. ಮತ್ತೆ ಚಿತ್ರ ನೋಡಿದಳು. ಲೋಟ ಮುಟ್ಟಲಿಲ್ಲ.

‘ಅಯ್ಯೋ ರಾಮಾ! ಈ ಹುಡುಗನ್ದೇ ಮೊಕ ಕದಾ! ಮೀಸೆ ಒಂದು ಇಟ್ಟವ್ರೆ. ಏಮಮ್ಮಾ, ಒಡಹುಟ್ಟಿದ ತಮ್ಮನ್ನ ಎವುರಾದ್ರೂ ಹಿಂಗೆ ಬರೀತಾರಾ?’

ನಾನು ಚಿತ್ರ ನೋಡಿದೆ. ಅಷ್ಟು ದಿನ ನೋಡಿಯೂ ನೋಡದೆ ಇದ್ದದ್ದು ಆ ಕ್ಷಣ ಕಂಡಿತು. ನನ್ನದೇ ಮೂಗು, ನನ್ನದೇ ಚಪ್ಪಟೆ ಕಿವಿ, ನನ್ನದೇ ಹುಬ್ಬು. ಪಕ್ಕದಲ್ಲಿ ಕಣ್ಣು ಮುಚ್ಚಿ ಒರಗಿದ ನನ್ನ ಅಕ್ಕ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಅನ್ನುತ್ತಾರೆ, ನಾನು ಮಾಡಿದ್ದಕ್ಕೆ ಗಾದೆಯೂ ಇಲ್ಲ. ನೆಲ ಬಿರಿದು ನುಂಗಬಾರದೇ ಎಂದುಕೊಂಡೆ. ನೆಲ ಗಟ್ಟಿಯಾಗಿಯೇ ಇತ್ತು.

ಅಕ್ಕನ ಮೇಲೆ ಬಂದ ಮಾತನ್ನು ತಪ್ಪಿಸಬೇಕೆಂದು ಬಾಯಿ ಬಿಟ್ಟೆ. ‘ಅಕ್ಕ ಬರ್ದಿದ್ದಲ್ಲ. ನಾನು ಬರ್ದಿದ್ದು’ ಅಂದೆ.

ಸತ್ಯ ಹೇಳಿದರೆ ಸರಿಹೋಗುತ್ತದೆ ಎಂದುಕೊಂಡಿದ್ದೆ. ಹೋಗಲಿಲ್ಲ, ಹತ್ತುಪಾಲು ಕೆಟ್ಟಿತು. ಹುಡುಗಿ ಬರೆದದ್ದೆಂದರೆ ಏನೋ ತಿಳಿಯದೆ ಬರೆದಳು ಅನ್ನಬಹುದಿತ್ತು. ಮೀಸೆ ಚಿಗುರುವ ಹುಡುಗ ತನ್ನ ಅಕ್ಕನನ್ನು ತನ್ನ ಭುಜಕ್ಕೆ ಒರಗಿಸಿ, ಬೆಳದಿಂಗಳಿನಲ್ಲಿ! ಹುಡುಗನ ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮೇಲಾಗಿ ಮನೆಯವರೆಲ್ಲ ಸುಳ್ಳರು ಎಂದೂ ಆಯಿತು. ಹುಡುಗ ತನ್ನ ಚಪ್ಪಲಿ ಎಲ್ಲಿದೆ ಎಂದು ಬಾಗಿಲ ಕಡೆ ನೋಡಿದ. ಅಪ್ಪ ಎದ್ದು ಬಂದು, ನನ್ನ ಕೈಯಲ್ಲಿ ತಟ್ಟೆಯಿದ್ದ ಹಾಗೆಯೇ, ಕೆನ್ನೆಗೆ ಬಾರಿಸಿದ. ಕಾಫಿ ಎಲ್ಲರ ಮುಂದೆ ನೆಲಕ್ಕೆ ಚೆಲ್ಲಿತು.

ಆಗ ಅಕ್ಕ ಎದ್ದಳು. ಹೆಣ್ಣು ತೋರಿಸುವಾಗ ಹುಡುಗಿ ತಾನಾಗಿ ಏಳುವುದುಂಟೇ? ಎದ್ದು ಗೋಡೆಯ ಹತ್ತಿರ ಹೋದಳು. ಅಮ್ಮನ ಸೀರೆಯ ಸೆರಗನ್ನು ಕೈಗೆ ಸುತ್ತಿ ನಾಯಕನ ಮುಖವನ್ನು ಒರೆಸಿದಳು. ಒಣಗದ ಬಣ್ಣ, ಒಂದೇ ಎಳೆತಕ್ಕೆ ಮೀಸೆ, ಮೂಗು, ಹುಬ್ಬು ಎಲ್ಲ ಸೆರಗಿಗೆ ಬಂದವು. ನಾಯಕಿಯ ತಲೆ ಒಂದು ಕೊಳಕು ನೀಲಿಗೆ ಒರಗಿಕೊಂಡು ಉಳಿಯಿತು.

‘ನಂಗೆ ಸಿನಿಮಾ ನೋಡಕ್ಕೆ ಕಳಿಸ್ಲಿಲ್ಲ. ಅದಕ್ಕೆ ಬರ್ದು ತೋರಿಸ್ದ. ಅವನ್ಗೆ ಇನ್ನೇನೂ ಗೊತ್ತಿಲ್ಲ’ ಎಂದು ಹುಡುಗನ ತಾಯಿಗೆ ಹೇಳಿದಳು. ‘ಅಪ್ಪಾ, ಅವನ್ನ ಹೊಡೀಬ್ಯಾಡ’ ಎಂದು ಒಳಗೆ ಹೋದಳು.

ಆ ತಾಯಿ ಏನೂ ಕೆಟ್ಟ ಮಾತು ಆಡಲಿಲ್ಲ. ‘ಸರೇ, ಪೋಯ್ವಸ್ತಾಮು, ಬಸ್ಸಿಗೆ ಹೊತ್ತಾಯ್ತು’ ಎಂದು ಕುಂಕುಮ ಹಚ್ಚಿಸಿಕೊಂಡು ಹೊರಟಳು. ಅವರಿಂದ ಉತ್ತರ ಬರಲಿಲ್ಲ. ಅತ್ತೆ ನನ್ನ ಜನ್ಮ ಜಾಲಾಡಿ ಮಾರನೆಯ ದಿನ ಕೊರಟಗೆರೆಗೆ ಹೋದಳು. ಬಸ್ಸಿನಲ್ಲಿ ಬಂದ ಕಥೆ ಬಸ್ಸಿನಲ್ಲಿಯೇ ಊರೂರಿಗೆ ಹೋಯಿತು. ಪೇಟೆಬೀದಿಯಲ್ಲಿ ಹುಡುಗರು ನನ್ನನ್ನು ‘ಹೀರೋ’ ಎಂದು ಕೂಗತೊಡಗಿದರು. ನಾನು ಬಣ್ಣದ ಪೊಟ್ಟಣಗಳನ್ನು ತಿಪ್ಪೆಗೆ ಸುರಿದೆ, ಚೌಕಟ್ಟನ್ನು ಒಲೆಗೆ ಹಾಕಿದೆ. ಎಣ್ಣೆ ಕುಡಿದ ಚೀಲ ಧಗಧಗ ಉರಿಯಿತು. ಅಕ್ಕ ಬೇಡ ಅನ್ನುವುದರೊಳಗೆ ಮುಗಿದಿತ್ತು. ಅಮ್ಮನ ಸೀರೆಯನ್ನು ಅವಳು ಸೀಗೆಪುಡಿ ಹಾಕಿ ಎಷ್ಟು ಸಲ ಒಗೆದಳೋ, ಕಲೆ ಹೋಗಲಿಲ್ಲ. ನಾನು ಅವಳ ಮುಖ ನೋಡುವುದನ್ನು ಬಿಟ್ಟೆ. ಅನ್ನ ಬಡಿಸಿದರೆ ತಟ್ಟೆ ನೋಡಿ ತಿನ್ನುತ್ತಿದ್ದೆ. ಕೊಟ್ಟಿಗೆಯ ಕಡೆ ಅವಳಿದ್ದರೆ ಆ ಕಡೆ ಹೋಗುತ್ತಿರಲಿಲ್ಲ. ಅವಳ ಹತ್ತಿರ ನಿಂತರೆ ಯಾರಾದರೂ ಏನಾದರೂ ಅಂದಾರು ಎಂಬ ಭಯ.

ಮಾರನೆಯ ವರ್ಷ ನಿಡುಗಲ್ ಕಡೆಯಿಂದ ಇನ್ನೊಂದು ಸಂಬಂಧ ಬಂತು. ಹೊಲಮನೆಯವರು. ಅತ್ತೆ ಮತ್ತೆ ಬಂದಳು, ಈ ಸಲ ಗೋಡೆಗೆ ಏನೂ ಹಾಕಲಿಲ್ಲ. ಅಕ್ಕನಿಗೆ ಬೇರೆ ರೇಷ್ಮೆ ಇರಲಿಲ್ಲ, ಅದೇ ಹಸಿರು ಸೀರೆಯನ್ನು ಕಲೆ ಕಾಣದ ಹಾಗೆ ಸೆರಗು ಮಡಿಸಿ ಉಟ್ಟಳು. ನನಗೆ ಯಾರೂ ಹೊರಗೆ ಹೋಗು ಅನ್ನಲಿಲ್ಲ. ನಾನೇ ಎಮ್ಮೆ ನೋಡಿಕೊಳ್ಳುವ ನೆಪದಲ್ಲಿ ಹಿತ್ತಲಿಗೆ ಹೋಗಿ ಕಿಟಕಿಯ ಕೆಳಗೆ ಕೂತೆ.

ಹುಡುಗನ ತಂದೆ, ವಯಸ್ಸಾದವರು, ಗಟ್ಟಿ ದನಿ. ‘ಏನವ್ವಾ, ಕಸೂತಿ, ಹಾಡು, ಹಸೆ, ಏನೇನು ಬತ್ತದೆ ನಿಂಗೆ?’ ಎಂದು ಕೇಳಿದರು.

ಅತ್ತೆ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ಅವಳಿಗಿಂತ ಮೊದಲೇ ಅಕ್ಕ ಮಾತಾಡಿದಳು.

‘ನಂಗೆ ಅವ್ಯಾವೂ ಬರಲ್ಲ. ಅಡಿಗೆ ಬತ್ತದೆ, ಅಂಗಡಿ ಯಾಪಾರ ಬತ್ತದೆ. ಚಿತ್ರ ಬರಿಯಾದು ನನ್ ತಮ್ಮ. ಭಾಳ ಚೆಂದಾಗಿ ಬರೀತಾನೆ. ನನ್ನ ಒಂದ್ಸಲ ಬರ್ದಿದ್ದ. ನೋಡಿ, ಇದು ಅವನ ಬಣ್ಣಾನೇ.’

ಸೆರಗು ಬಿಡಿಸಿ ತೋರಿಸುತ್ತಿದ್ದಾಳೆ ಎಂದು ಗೊತ್ತಾಯಿತು. ಆಮೇಲೆ ಮುದುಕರು ದೊಡ್ಡದಾಗಿ ನಕ್ಕರು. ‘ಎಲಾ ಇವನ! ಅಕ್ಕನ್ನ ಬರ್ದವ್ನಾ? ಎಲ್ಲವ್ನೆ ಆ ಹುಡ್ಗ? ಕರೀರಪ್ಪಾ, ನೋಡಾನ’ ಅಂದರು.

‘ಇಲ್ಲೇ ಅವ್ನೆ, ಕರೀತೀನಿ’ ಎಂದಳು ಅಕ್ಕ. ಅವಳ ಕಾಲುಂಗುರವಿಲ್ಲದ ಹೆಜ್ಜೆ ಹಿತ್ತಲ ಕಡೆ ಬಂತು.

ನಾನು ಗೋಡೆ ಹಾರಿದೆ. ಹಿಂದೆ ಅವಳು ನನ್ನನ್ನು ಕೂಗುವುದು ಕೇಳಿಸುತ್ತಿತ್ತು, ಮೊದಲು ಮೆಲ್ಲಗೆ, ಆಮೇಲೆ ಗಟ್ಟಿಯಾಗಿ. ಬೆಟ್ಟದ ಬುಡದ ಬಂಡೆಯ ಸಂದಿಯಲ್ಲಿ ಕೂತು ನಿಡುಗಲ್ಲಿನವರು ಬಸ್ಸಿಗೆ ಹೋಗುವುದನ್ನು ನೋಡಿ, ಹೊತ್ತು ಮುಳುಗಿದ ಮೇಲೆ ಮನೆಗೆ ಬಂದೆ. ಸಂಬಂಧ ಕುದುರಿತ್ತು. ಅಪ್ಪ ಸಕ್ಕರೆ ಹಂಚುತ್ತಿದ್ದ. ಅಕ್ಕ ಹಿತ್ತಲಲ್ಲಿ ಲೋಟ ತೊಳೆಯುತ್ತಿದ್ದಳು. ಇನ್ನೂ ಅದೇ ಸೀರೆಯಲ್ಲಿದ್ದಳು.

‘ಅವ್ರು ನಿನ್ನ ನೋಡ್ಬೇಕು ಅಂದ್ರು ಕಣ್ಲಾ’ ಅಂದಳು, ತಲೆ ಎತ್ತದೆ. ‘ಎಲ್ಲಾ ಕಡೆ ಹುಡುಕ್ದೆ.’

‘ಇಲ್ಲೇ ಇದ್ದೆ ಅಕ್ಕಾ’ ಅಂದೆ.

‘ಇರ್ಲಿಲ್ಲ ಬುಡು’ ಎಂದು ಅಕ್ಕ ಮುಂದಿನ ಲೋಟ ತೆಗೆದುಕೊಂಡಳು.